ಛತ್ರಕ್ಕೆ ಕರಕೊಂಡು ಹೋದವನು



ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಆದರೆ ಮನುಷ್ಯನು ದಾರಿಯಲ್ಲಿ ಮಾತ್ರವೇ ಗಾಯಪಡುವನೋ? ತಿಮ್ಮಾಪುರದಂಥ ನಮ್ಮ ಊರುಗಳಲ್ಲಿ ದಿನವೆಲ್ಲಾ ಕಬ್ಬಿನ ಹೊಲದಲ್ಲಿ ದುಡಿದು ಬಂದ ಹೆಂಗಸು ತನ್ನ ಹೊಸ್ತಿಲೊಳಗೇ ಪೆಟ್ಟು ತಿಂದು ಬೀಳುವದುಂಟು. ದಾರಿಯಲ್ಲಿ ಬಿದ್ದವನನ್ನು ಹೋಗಿಬರುವವರಾದರೂ ನೋಡುವರು. ಮುಚ್ಚಿದ ಕದದೊಳಗೆ ಬಿದ್ದವಳನ್ನು ಯಾರು ನೋಡುವರು?

ಯಾಜಕನೂ ಲೇವಿಯನೂ ಅವನನ್ನು ಹೊಡೆಯಲಿಲ್ಲ. ಕಂಡೂ ಓರೆಯಾಗಿ ಹೋದರು, ಅಷ್ಟೇ. ಉಪದೇಶಿಗಳಾದ ನಾವೂ ಸಭೆಯ ಹಿರಿಯರೂ ಅದೇ ತಪ್ಪನ್ನು ಮಾಡಿದ್ದುಂಟೆಂದು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇವೆ. ಕೂಸನ್ನು ಬಗಲಿಗೇರಿಸಿಕೊಂಡು ಸರಿರಾತ್ರಿಯಲ್ಲಿ ಬಾಗಿಲು ತಟ್ಟಿದವಳಿಗೆ, "ತಾಳಿಕೊಳ್ಳವ್ವಾ, ಮನೆಯ ಮಾತು ಬೀದಿಗೆ ಬರಬಾರದು" ಎಂದು ಹೇಳಿ, ಬೆಳಗಾಗುವದರೊಳಗೆ ಹೊಡೆದವನ ಕೈಗೇ ಒಪ್ಪಿಸಿ ಬಂದೆವು. ಅದನ್ನೇ ಸಮಾಧಾನವೆಂದು ಎಣಿಸಿದೆವು. ಶಿಲುಬೆಯನ್ನು ಹೊರಬೇಕೆಂದು ಅವಳಿಗೆ ಬೋಧಿಸಿದೆವು. ಆದರೆ ಆ ಭಾರವನ್ನು ಹೊರಿಸಿದವನು ಕರ್ತನಲ್ಲ, ಗಂಡನೇ. ಹೆಂಡತಿಗೆ ಮಾನ ಸಲ್ಲಿಸದವನ ಪ್ರಾರ್ಥನೆಗೂ ಅಡ್ಡಿಯುಂಟಾಗುವದೆಂದು ಪೇತ್ರನು ಎಚ್ಚರಿಸಿದ್ದನ್ನು ಅವನಿಗೆ ಬೋಧಿಸಲು ಮರೆತೆವು.

ಸಮಾರ್ಯದವನಾದರೋ ಗಾಯ ಕಟ್ಟಿ, ತನ್ನ ಪಶುವಿನ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು, ಆರೈಕೆಯ ಖರ್ಚಿಗೆ ಹಣವನ್ನೂ ಕೊಟ್ಟನು. ನಮ್ಮ ಕಾಲದಲ್ಲಿಯೂ ಇಂಥ ಛತ್ರಗಳುಂಟು. ಕೌಟುಂಬಿಕ ಹಿಂಸೆಯಿಂದ ಹೆಂಗಸರನ್ನು ಕಾಪಾಡುವ 2005ನೆಯ ಇಸವಿಯ ಕಾಯಿದೆಯು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮನೆ ಯಾರ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಅವಳಿಗುಂಟು. ಹೊಡೆಯಕೂಡದೆಂದು ಮ್ಯಾಜಿಸ್ಟ್ರೇಟರು ಗಂಡನಿಗೆ ಆಜ್ಞಾಪಿಸಬಹುದು, ಅವಳಿಗೂ ಮಕ್ಕಳಿಗೂ ಜೀವನಾಂಶ ಕೊಡಿಸಬಹುದು. ಅರ್ಜಿಗೆ ನೆರವಾಗಲು ಸಂರಕ್ಷಣಾಧಿಕಾರಿಗಳಿದ್ದಾರೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಆ ಕೆಲಸವನ್ನು ವಹಿಸಿದೆ. ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿಯ ದಾರಿ ತಿಳಿಯುವದು. 2015ರಲ್ಲಿ ಆರಂಭವಾದ ಯೋಜನೆಯ 'ಸಖಿ' ಕೇಂದ್ರಗಳಲ್ಲಿ ಔಷಧೋಪಚಾರಕ್ಕೂ ಪೊಲೀಸರಿಗೂ ವಕೀಲರಿಗೂ ದಾರಿ ಮಾಡಿಕೊಟ್ಟು, ಕೆಲವು ದಿನಗಳ ಆಶ್ರಯವನ್ನೂ ಕೊಡುವರು. ವಕೀಲರ ಫೀಜಿಗೆ ಹೆದರಬೇಡಿರಿ. ವರಮಾನ ಎಷ್ಟೇ ಇದ್ದರೂ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಒದಗಿಸುವದು. ಸಹಾಯಕ್ಕೆ ಹಗಲಿರುಳು 181ಕ್ಕೂ, ಪ್ರಾಣಾಪಾಯವಿದ್ದರೆ 112ಕ್ಕೂ ಫೋನು ಮಾಡಿರಿ. ಒಳ್ಳೆಯ ಮನಸ್ಸಿನಿಂದ ಅಧಿಕಾರಿಗೆ ತಿಳಿಸಿದ ನೆರೆಯವನ ಮೇಲೆ ಕಾಯಿದೆಯು ಯಾವ ಹೊಣೆಯನ್ನೂ ಹೊರಿಸದು.

ಆದದರಿಂದ ಪ್ರಿಯರೇ, ಅವಳ ಮಾತನ್ನು ನಂಬಿರಿ. ಅವಳು ಒಪ್ಪದೆ ಅವಳನ್ನು ಎಲ್ಲಿಗೂ ಎಳೆಯಬೇಡಿರಿ. ಒಪ್ಪಿದರೆ ಒಬ್ಬಳನ್ನೇ ಕಳುಹಿಸಬೇಡಿರಿ. ಸಭೆಯ ತಾಯಿಯೊಬ್ಬಳು ಜೊತೆಯಲ್ಲಿ ಹೋಗಲಿ. ಸಮಾರ್ಯದವನಿಗೆ ಪಶುವಿತ್ತು, ನಮಗೆ ಬಸ್ಸುಂಟು, 2023ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಮ್ಮ ಹೆಂಗಸರಿಗೆ ದರವೂ ಇಲ್ಲ. ಕೂಸಿನ ಹಾಲಿನ ಖರ್ಚು ಸಭೆಯ ಕಾಣಿಕೆಯಿಂದ ಸಲ್ಲಲಿ.

ಇನ್ನೊಂದನ್ನು ಮರೆಯಬೇಡಿರಿ. ಸಮಾರ್ಯದವನು ಛತ್ರದ ಬಾಗಿಲಲ್ಲಿ ಕೈ ತೊಳೆದುಕೊಳ್ಳಲಿಲ್ಲ. ತಾನು ಮರಳಿ ಬರುವೆನೆಂದು ಮಾತು ಕೊಟ್ಟು ಹೋದನು. ನಾವೂ ಮರಳಿ ಹೋಗಿ ಅವಳನ್ನು ವಿಚಾರಿಸುವೆವೋ? ಆಗ ಮಾತ್ರವೇ ನಾವು ಅವಳಿಗೆ ನೆರೆಯವರು. ಕರ್ತನು ನಮಗೆ ಆ ಮನಸ್ಸನ್ನು ದಯಪಾಲಿಸಲಿ. ಆಮೆನ್.