ಭೀಕರವೂ ಪೂಜ್ಯವೂ: ಕಾಳಿಘಾಟ್ ಮತ್ತು ಒಂದು ಇಂಗ್ಲಿಷ್ ವಿಶೇಷಣ

ಇಂಗ್ಲಿಷಿನ ‘ಟೆರಿಬಲ್’ ಎಂಬ ಗುಣವಾಚಕವು, ಹೆದರಿಸು ಎಂಬ ಅರ್ಥದ ‘ಟೆರ್ರೇರೆ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿದ್ದು. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲ್ಲಿನಲ್ಲಿ ಅದು ದೇವರಿಗೇ ಸಲ್ಲುವ ವಿಶೇಷಣವಾಗಿದ್ದು, ಯಾವುದರ ಮುಂದೆ ಮನುಷ್ಯ ನಡುಗುವುದು ಸಹಜವೋ ಅಂಥ ಮಹಿಮೆಯನ್ನು ಸೂಚಿಸುತ್ತಿತ್ತು. ಬಳಕೆ ಹೆಚ್ಚಿದಂತೆ ಕಸುವು ಇಳಿದು, ಇಂದು ಅದು ಕೆಟ್ಟ ಕಾಫಿಗೂ ತಲೆನೋವಿಗೂ ಬೆಂಗಳೂರಿನ ಟ್ರಾಫಿಕ್ಕಿಗೂ ಒದಗುವ ಮಾತಾಗಿದೆ. ಅದೇ ಬೇರಿನ ‘ಟೆರಿಫಿಕ್’ ಅಂತೂ ‘ಬಹಳ ಸೊಗಸಾದ’ ಎಂಬ ಅರ್ಥಕ್ಕೆ ತಿರುಗಿಕೊಂಡಿದೆ. ‘ಭಯಂಕರ ಖುಷಿ’ ಎನ್ನುವ ಕನ್ನಡಿಗರಿಗೂ, ‘ಭೀಷಣ’ ಎಂಬ ಸಂಸ್ಕೃತ ಪದವನ್ನು ‘ಭೀಶೊನ್ ಭಾಲೊ’, ಎಂದರೆ ತುಂಬಾ ಚೆನ್ನಾಗಿದೆ, ಎಂದು ಬಳಸುವ ಬಂಗಾಳಿಗಳಿಗೂ ಇಂಥ ಸವಕಳಿ ಅಪರಿಚಿತವಲ್ಲ. ಆದರೆ ಈ ವಿಶೇಷಣವನ್ನು ಹಳೆಯ ಕಸುವಿನೊಡನೆ ಮತ್ತೆ ದೈವಕ್ಕೆ ಸಲ್ಲಿಸುವ ಪ್ರಯತ್ನವೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ನಡೆಯಿತು, ಮತ್ತು ಭಯ ಹುಟ್ಟಿಸುವುದು ಪೂಜ್ಯವಾಗಬಲ್ಲುದೇ ಎಂಬ ಪ್ರಶ್ನೆ ಅದರೊಡನೆ ಬಹಿರಂಗ ಚರ್ಚೆಗೆ ಬಂದಿತು.

ಸ್ವಾಮಿ ವಿವೇಕಾನಂದರು 1898ರಲ್ಲಿ ಕಾಶ್ಮೀರದಲ್ಲಿದ್ದಾಗ ಕಾಳಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಕವಿತೆ ಬರೆದರು; ಭೀಕರವನ್ನು ಭೀಕರವೆಂಬ ಕಾರಣಕ್ಕೇ ಆರಾಧಿಸಬೇಕೆಂಬುದು ಆ ದಿನಗಳಲ್ಲಿ ಅವರನ್ನು ಆವರಿಸಿದ್ದ ವಿಚಾರ. ಐರ್ಲೆಂಡಿನಲ್ಲಿ ಹುಟ್ಟಿ ಅವರ ಶಿಷ್ಯೆಯಾದ ಸೋದರಿ ನಿವೇದಿತಾ 1899ರ ಫೆಬ್ರವರಿ 13ರಂದು ಕಲ್ಕತ್ತೆಯ ಆಲ್ಬರ್ಟ್ ಹಾಲ್‌ನಲ್ಲಿ ಕಾಳಿಯ ಬಗ್ಗೆ ಉಪನ್ಯಾಸ ನೀಡಿದಾಗ, ಭಾರತದಲ್ಲಿ ವಿಜ್ಞಾನ ಬೆಳೆಯಲೆಂದು 1876ರಲ್ಲಿ ಸಂಸ್ಥೆಯೊಂದನ್ನು ಕಟ್ಟಿದ್ದ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಸಭೆಯಲ್ಲೇ ಪ್ರತಿಭಟಿಸಿದರು. ತಾವು ಹೊರಗಟ್ಟಲು ಹೆಣಗುತ್ತಿರುವ ಮೂಢನಂಬಿಕೆಯನ್ನು ಪರದೇಶದ ವಿದ್ಯಾವಂತೆಯೊಬ್ಬರು ಬಂದು ಎತ್ತಿಹಿಡಿಯುವುದು ಅವರಿಗೆ ಸಹಿಸಲಾಗಲಿಲ್ಲ. ಆ ಅಸಮಾಧಾನವನ್ನು ಸಣ್ಣದೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದೇ ವರ್ಷದ ಮೇ 28ರಂದು ನಿವೇದಿತಾ ಕಾಳಿಘಾಟ್ ದೇವಾಲಯದಲ್ಲೇ ಮಾತನಾಡಿದರು.

ಆದಿಗಂಗೆ ಎಂಬ ಹಳೆಯ ಹೊಳೆಪಾತ್ರದ ಬದಿಯಲ್ಲಿರುವ, 1809ರಲ್ಲಿ ಈಗಿನ ರೂಪಕ್ಕೆ ಬಂದ ಈ ದೇವಾಲಯ ಶಕ್ತಿಪೀಠಗಳಲ್ಲಿ ಒಂದು. ಸತಿಯ ದೇಹ ತುಂಡಾಗಿ ಬಿದ್ದಾಗ ಅವಳ ಬಲಗಾಲಿನ ಬೆರಳು ಇಲ್ಲಿ ಬಿದ್ದಿತೆಂಬುದು ನಂಬಿಕೆ. ಗರ್ಭಗುಡಿಯ ಕರಿಶಿಲೆಯ ಮುಖದಲ್ಲಿ ಮೂರು ದೊಡ್ಡ ಕಣ್ಣುಗಳು, ಅವುಗಳ ಕೆಳಗೆ ಚಾಚಿಕೊಂಡ ಬಂಗಾರದ ನಾಲಿಗೆ. ನಾಲ್ಕು ಕೈಗಳಲ್ಲಿ ಎರಡು ಖಡ್ಗವನ್ನೂ ಕಡಿದ ತಲೆಯನ್ನೂ ಹಿಡಿದಿದ್ದರೆ, ಉಳಿದೆರಡು ಅಭಯ ಮತ್ತು ವರದ ಮುದ್ರೆಯಲ್ಲಿವೆ. ‘ಟೆರಿಬಲ್’ ಎಂಬ ವಿಶೇಷಣ ಮೊದಲೆರಡು ಕೈಗಳನ್ನಷ್ಟೇ ಕಾಣುತ್ತದೆ. ದೇವಿಯನ್ನು ನಿಂದಿಸಿದ ಮಿಷನರಿಗಳೂ ಆ ಕೈಗಳನ್ನೇ ಕಂಡವರು. ನಿವೇದಿತಾ ಅದೇ ಮಾತನ್ನು ನಿಂದೆಯಿಂದ ಬಿಡಿಸಿ ಸ್ತುತಿಯಾಗಿ ಮಾಡಿದರಾದರೂ ಮಾತಿನ ವ್ಯಾಪ್ತಿ ಹಿಗ್ಗಲಿಲ್ಲ. ಸರದಿಯಲ್ಲಿ ನಿಂತ ಭಕ್ತರು ‘ಮಾ’ ಎಂದು ಕೂಗುತ್ತಾರೆಯೇ ಹೊರತು ಯಾವ ವಿಶೇಷಣವನ್ನೂ ಬಳಸುವುದಿಲ್ಲ.

ಒಂದೇ ಅರ್ಧವನ್ನು ಹೆಸರಿಸುವ ಇಂಥ ರೂಢಿಗೆ ಕರ್ನಾಟಕದಲ್ಲೂ ನಿದರ್ಶನವಿದೆ. ಹಂಪಿಯಲ್ಲಿ ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ನಿರ್ಮಾಣವಾದ ಏಕಶಿಲಾ ಮೂರ್ತಿ ಲಕ್ಷ್ಮೀನರಸಿಂಹನದು. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿ, ದುಂಡಗೆ ಹೊರಚಾಚಿದ ಕಣ್ಣುಗಳ ನರಸಿಂಹನೊಬ್ಬನೇ ಉಳಿದ ಮೇಲೆ ಜನ ಅದನ್ನು ಉಗ್ರನರಸಿಂಹ ಎಂದರು. ಆ ಮೂರ್ತಿಯ ಉಗ್ರತೆ ಬಹುಮಟ್ಟಿಗೆ ಇಲ್ಲದಿರುವ ಲಕ್ಷ್ಮಿಯಿಂದ ಹುಟ್ಟಿದ್ದು.

ಪಶ್ಚಿಮದ ಚಿಂತಕರಲ್ಲಿ ಎಡ್ಮಂಡ್ ಬರ್ಕ್ 1757ರಲ್ಲಿ, ಭವ್ಯತೆಯ ಅನುಭವಕ್ಕೆ ಭಯವೇ ಮೂಲವೆಂದು ವಾದಿಸಿದನು. ಆದರೆ ಅದು ಅಪಾಯ ತನಗೆ ತಟ್ಟದಷ್ಟು ದೂರದಲ್ಲಿ ನಿಂತವನ ಭಯ. ಜರ್ಮನ್ ದೇವತಾಶಾಸ್ತ್ರಜ್ಞ ರುಡಾಲ್ಫ್ ಆಟೊ 1917ರಲ್ಲಿ, ಪವಿತ್ರವಾದುದು ಮನುಷ್ಯನನ್ನು ಒಮ್ಮೆಗೇ ನಡುಗಿಸುತ್ತದೆ ಮತ್ತು ಸೆಳೆಯುತ್ತದೆ ಎಂದನು. ಇದಕ್ಕೆ ಗೀತೆಯ ಹನ್ನೊಂದನೆಯ ಅಧ್ಯಾಯಕ್ಕಿಂತ ಒಳ್ಳೆಯ ಉದಾಹರಣೆ ಸಿಗದು: ಅಲ್ಲಿ ವಿಶ್ವರೂಪವನ್ನು ತಾನೇ ಬೇಡಿದ ಅರ್ಜುನ, ಅದನ್ನು ಕಂಡೊಡನೆ ಹಳೆಯ ರೂಪವನ್ನೇ ತೋರೆಂದು ಕೈಮುಗಿಯುತ್ತಾನೆ. ಸೌಮ್ಯವನ್ನು ಮಾತ್ರ ದೇವರೆಂದು ಆರಿಸಿಕೊಂಡರೆ ರೋಗ, ಕ್ಷಾಮ, ಸಾವುಗಳಿಗೆ ದೇವರಾಚೆ ಬೇರೊಂದು ಒಡೆತನ ಹುಡುಕಬೇಕಾಗುತ್ತದೆ ಎಂಬುದೇ ಕಾಳಿಯ ಪರವಾದ ವಾದದ ತಿರುಳು.

ಹಾಗಾದರೆ ಭೀಕರವನ್ನು ಪೂಜಿಸುವವರು ಅದಕ್ಕೆ ತಲೆಬಾಗಿ ಸುಮ್ಮನಿರಬೇಕೇ? ಆಲ್ಬರ್ಟ್ ಹಾಲ್ ಮತ್ತು ಕಾಳಿಘಾಟ್ ಉಪನ್ಯಾಸಗಳ ನಡುವಿನ ತಿಂಗಳುಗಳಲ್ಲೇ ಕಲ್ಕತ್ತೆಯಲ್ಲಿ ಪ್ಲೇಗ್ ಹಬ್ಬಿತ್ತು, ಮತ್ತು ರಾಮಕೃಷ್ಣ ಮಿಷನ್ನಿನ ಪರಿಹಾರ ಕಾರ್ಯದಲ್ಲಿ ತೊಡಗಿದ್ದ ನಿವೇದಿತಾ ಬಾಗ್‌ಬಜಾರಿನ ಓಣಿಗಳಲ್ಲಿ ತಾವೇ ಪೊರಕೆ ಹಿಡಿದು ಗುಡಿಸಿದರು. ಮಹೇಂದ್ರಲಾಲರ ಆಕ್ಷೇಪಕ್ಕೆ ಇದು ಉಪನ್ಯಾಸಕ್ಕಿಂತ ಗಟ್ಟಿಯಾದ ಉತ್ತರ. 1952ರಲ್ಲಿ ದೇವಾಲಯಕ್ಕೆ ತಾಗಿಕೊಂಡೇ ಮದರ್ ತೆರೇಸಾ ಸಾಯುವವರಿಗಾಗಿ ತೆರೆದ ನಿರ್ಮಲ್ ಹೃದಯ್ ಕೂಡ, ಬೇರೊಂದು ಶ್ರದ್ಧೆಯಿಂದ ಹೊರಟು, ಸಾವಿನ ಎದುರು ಇದೇ ಬಗೆಯಲ್ಲಿ ನಡೆದುಕೊಂಡಿತು.

ಆದರೆ ಈ ಉತ್ತರ ಎಲ್ಲವನ್ನೂ ಒಳಗೊಳ್ಳುವುದಿಲ್ಲ. ಕಾಳಿಘಾಟ್‌ನ ಆವರಣದಲ್ಲಿ ಕವಲುಳ್ಳ ಬಲಿಗಂಬವೊಂದಿದ್ದು, ಆಡಿನ ಕೊರಳನ್ನು ಅದರ ಕವಲಿನ ನಡುವೆ ಸಿಕ್ಕಿಸಿ ಒಂದೇ ಏಟಿಗೆ ಕಡಿಯುವುದು ರೂಢಿ. ಭೀಕರವನ್ನು ಬೆರಗಿನಿಂದ ನೋಡುವ ಅವಕಾಶ ಭಕ್ತನಿಗಿದೆ, ತತ್ತ್ವಜ್ಞನಿಗಿದೆ, ಉಪನ್ಯಾಸಕರಿಗೂ ಇದೆ; ಲ್ಯಾಟಿನ್ ಕ್ರಿಯಾಪದ ಹೇಳುವ ಬರಿಯ ಹೆದರಿಕೆ ಅಲ್ಲಿ ಆಡಿನ ಪಾಲಿಗೆ ಬರುತ್ತದೆ, ಮತ್ತು ಅದನ್ನು ಸಮರ್ಥಿಸಬಲ್ಲ ಮಾತು ಬರ್ಕ್‌ನಲ್ಲಾಗಲಿ ಆಟೊನಲ್ಲಾಗಲಿ ದೊರೆಯುವುದಿಲ್ಲ.