ದಿನದ ಅನ್ನ, ದಿನದ ಸಂತೋಷ



ಪ್ರಭು ಯೇಸು ಈ ಲೋಕದಲ್ಲಿ ಬಾಳಿದ್ದು ಸುಮಾರು ಮೂವತ್ತಮೂರು ವರ್ಷ ಎಂದು ನಾವು ಎಣಿಸುತ್ತೇವೆ. ಅದರಲ್ಲಿ ಸುಮಾರು ಮೂವತ್ತು ವರ್ಷ ನಜರೇತಿನ ಮನೆಯಲ್ಲೇ ಕಳೆಯಿತು. ಆ ವರ್ಷಗಳ ಬಗ್ಗೆ ಶುಭಸಂದೇಶಕಾರರು ಬರೆದದ್ದು ಬೆರಳೆಣಿಕೆಯ ಸಾಲು. ಒಂದು ಸಾಧಾರಣ ತಿಂಗಳಲ್ಲಿ ಆ ಮನೆಯಲ್ಲಿ ಏನು ನಡೆಯುತ್ತಿದ್ದಿರಬಹುದು? ಬೀಸುವ ಕಲ್ಲು, ಒಲೆ, ಬಾವಿಯ ನೀರು, ಬಡಗಿಯ ಉಳಿಯ ಸದ್ದು, ಸಂಜೆಯ ಊಟ, ಊಟದ ಮುಂಚಿನ ಪ್ರಾರ್ಥನೆ. ವಿಶೇಷವೇನೂ ಇಲ್ಲ. ದೇವಪುತ್ರರು ಮೂವತ್ತು ವರ್ಷ ಬಾಳಿದ ಇಂಥ ಬದುಕು ನಮಗೆ ಒಂದೇ ತಿಂಗಳಿಗೆ ಬೇಸರ ತರಿಸುತ್ತದೆ.

ಕತಗಾಲದ ಕಡೆಯ ಮಳೆಗಾಲದ ಒಂದು ತಿಂಗಳನ್ನೇ ನೋಡಿ. ಹಿಂದೆ ಘಟ್ಟ, ಮಗ್ಗುಲಲ್ಲಿ ಚಂಡಿಕಾ ಹೊಳೆ, ನಡುವೆ ತೋಟ ಗದ್ದೆಗಳು. ಮಳೆ ಹಿಡಿಯಿತೆಂದರೆ ಹಗಲೂ ರಾತ್ರಿಯೂ ಒಂದೇ ಬಣ್ಣ. ಕೊಳೆರೋಗ ಬಾರದಿರಲೆಂದು ಮಳೆ ಬಿಡುವು ಕೊಟ್ಟ ಗಳಿಗೆ ನೋಡಿ ಅಡಿಕೆಕೊನೆಗೆ ಮೈಲುತುತ್ತ-ಸುಣ್ಣದ ಮದ್ದು ಹೊಡೆಯಬೇಕು. ಮರ ಇಳಿಯುವಷ್ಟರಲ್ಲಿ ಮತ್ತೆ ಮಳೆ. ಕೆಳಗೆ ತದಡಿ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆದರೂ ಈ ತಿಂಗಳಿಗೆ ತನ್ನದೇ ರುಚಿಗಳಿವೆ. ಬೇಸಗೆಯಲ್ಲಿ ಅಂಗಳದಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ ಈಗ ಡಬ್ಬಿಯಿಂದ ಹೊರಗೆ ಬರುತ್ತದೆ. ಅಪ್ಪೆಮಿಡಿಯ ಭರಣಿಯ ಬಾಯಿ ಬಿಚ್ಚುತ್ತದೆ. ಕೆಸವಿನೆಲೆ ಪತ್ರೊಡೆಯಾಗುತ್ತದೆ, ಕಳಲೆ ನೀರಿನಲ್ಲಿ ನೆನೆಯುತ್ತದೆ. ಕೆಂಡದಲ್ಲಿ ಸುಟ್ಟ ಒಣಬಂಗಡೆಯ ತುಂಡೊಂದಿದ್ದರೆ ಕುಚ್ಚಲಕ್ಕಿ ಗಂಜಿ ಒಂದು ಬಟ್ಟಲು ಹೆಚ್ಚೇ ಇಳಿಯುತ್ತದೆ. ಸಂಜೆ ನೆನೆದು ಬಂದವರಿಗೆ ಬಚ್ಚಲಲ್ಲಿ ಹಂಡೆಯ ನೀರು ಕಾದಿರುತ್ತದೆ.

ಪ್ರವಚನದಲ್ಲಿ ಹಪ್ಪಳ, ಗಂಜಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಉತ್ತರಕ್ಕಾಗಿ ಇದೇ ತಿಂಗಳಲ್ಲಿ ಹೀಗೆಯೇ ಮಳೆ ಸುರಿಯುವ ಇನ್ನೊಂದು ಕರಾವಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಅದು ಜಪಾನಿನ ನಾಗಸಾಕಿ. ಜೂನ್ ಮತ್ತು ಜುಲೈ ತಿಂಗಳ ಈ ಮಳೆಗೆ ಅಲ್ಲಿನವರು 'ತ್ಸುಯು' ಎನ್ನುತ್ತಾರೆ. ಬರೆಯುವ ಅಕ್ಷರಗಳ ಅರ್ಥ 'ಪ್ಲಮ್ ಹಣ್ಣಿನ ಮಳೆ'. ನಾವು ಮಿಡಿಯನ್ನು ಉಪ್ಪಿಗೆ ಹಾಕುವಂತೆ ಅವರು ಈ ದಿನಗಳಲ್ಲಿ ಆ ಹುಳಿಕಾಯಿಯನ್ನು ಉಪ್ಪಿಗೆ ಹಾಕಿ ವರ್ಷವಿಡೀ ಅನ್ನದ ಜೊತೆ ತಿನ್ನುತ್ತಾರೆ. ನಮ್ಮ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಬಳಚು ಆರಿಸುವಂತೆ ಅಲ್ಲಿಯೂ ಇಳಿತದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಚಿಪ್ಪು ಕೆದಕಲು ಹೋಗುತ್ತಾರೆ. ಸಾರಿಗೆ ಅದೇ ರುಚಿ. ಸಂಜೆಯ ಬಿಸಿನೀರಿನ ಸ್ನಾನವಂತೂ ಅವರಿಗೆ ಊಟದಷ್ಟೇ ಮುಖ್ಯ. ಹೊರಗೆ ಮೈ ತೊಳೆದುಕೊಂಡು, ಮನೆಯವರೆಲ್ಲ ಒಬ್ಬರ ನಂತರ ಒಬ್ಬರು ಒಂದೇ ತೊಟ್ಟಿಯ ನೀರಿಗೆ ಇಳಿಯುತ್ತಾರೆ; ಹಳೆಯ ಪದ್ಧತಿಯ ಮನೆಗಳಲ್ಲಿ ಹಿರಿಯರಿಗೆ ಮೊದಲ ಸರದಿ.

ಡಿಸೆಂಬರಿನಲ್ಲಿ ನಾವು ಚಂದಾವರದಲ್ಲಿ ಯಾವ ಸಂತರ ಹಬ್ಬಕ್ಕೆ ಸೇರುತ್ತೇವೆಯೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರರೇ 1549ರ ಆಗಸ್ಟ್ 15ರಂದು ಜಪಾನಿನ ಕಾಗೊಶಿಮಾದಲ್ಲಿ ಇಳಿದು ಶುಭಸಂದೇಶ ಸಾರಿದರು. ಅವರ ನಂತರ ಅಲ್ಲಿಗೆ ಹೋದ ನಮ್ಮ ಪಶ್ಚಿಮ ಕರಾವಳಿಯವರೂ ಒಬ್ಬರಿದ್ದಾರೆ. ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ ಇತರ 25 ಮಂದಿಯೊಡನೆ ಶಿಲುಬೆಗೇರಿದರು. 1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಂತು. ದೇವಾಲಯಗಳು ನೆಲಸಮವಾದವು. 1644ರ ಹೊತ್ತಿಗೆ ಕೊನೆಯ ಗುರುವೂ ಹತರಾದರು. ಆಮೇಲೆ ಇನ್ನೂರಕ್ಕೂ ಹೆಚ್ಚು ವರ್ಷ ಆ ಜನರಿಗೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಗಂಟೆಯ ಸದ್ದಿಲ್ಲ.

ಹಾಗಾದರೆ ವಿಶ್ವಾಸ ಎಲ್ಲಿ ಉಳಿಯಿತು? ಮೀನುಗಾರರ ಮತ್ತು ರೈತರ ಮನೆಯೊಳಗೆ. ಊರಿಗೊಬ್ಬ ಗೃಹಸ್ಥ ಹಬ್ಬದ ದಿನಗಳ ಲೆಕ್ಕ ಇಡುತ್ತಿದ್ದ, ಇನ್ನೊಬ್ಬ ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದ. ಪ್ರಾರ್ಥನೆಗಳನ್ನು ಅವರು 'ಒರಾಶೊ' ಎಂದು ಕರೆದರು. ಪಿಸುಮಾತಿನಲ್ಲಿ, ಬಾಯಿಂದ ಬಾಯಿಗೆ ಅವು ಇಳಿದುಬಂದವು. (ಆ ಪದ ಹೋದದ್ದು ಪೋರ್ಚುಗೀಸರ ಹಡಗಿನಲ್ಲಿ, ನಮ್ಮ ಕೊಂಕಣಿ ಮನೆಗಳ 'ತೇರ್ಸ್' ಬಂದದ್ದೂ ಅದೇ ಹಡಗಿನಲ್ಲಿ. ನಮ್ಮ 'ಪಾದ್ರಿ' ಅಲ್ಲಿ 'ಬತೆರೆನ್' ಆಗಿದ್ದಾನೆ.) ಇಕಿತ್ಸುಕಿ ದ್ವೀಪದ ಮನೆಗಳಲ್ಲಿ ಪ್ರಾರ್ಥನೆಗೆ ಸೇರಿದವರು ಅಕ್ಕಿಯ ಮದ್ಯವನ್ನೂ ಹಸಿಮೀನಿನ ತುಂಡುಗಳನ್ನೂ ಹಂಚಿಕೊಂಡರು. ಅದು ಪರಮ ಪ್ರಸಾದವಲ್ಲ. ಆದರೆ ಕದ್ದು ಬಾಳುವವರು ಒಟ್ಟಿಗೆ ಕೂತು ಉಂಡ ಆ ತುತ್ತಿನಲ್ಲಿ ಕೊನೆಯ ಭೋಜನದ ನೆನಪಿತ್ತು.

1865ರ ಮಾರ್ಚ್ 17ರಂದು ನಾಗಸಾಕಿಯ ಓವುರಾದಲ್ಲಿ ಆಗಷ್ಟೇ ಕಟ್ಟಿದ್ದ ದೇವಾಲಯಕ್ಕೆ ಉರಕಾಮಿ ಎಂಬ ಹಳ್ಳಿಯ ಕೆಲವರು ಬಂದರು. ಅಲ್ಲಿದ್ದ ಫ್ರೆಂಚ್ ಗುರು ಬರ್ನಾರ್ಡ್ ಪೆತಿಜಾನ್ ಅವರ ಬಳಿ ಒಬ್ಬ ಹೆಂಗಸು ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಎಂದಳು. ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಆಗ ತಪಸ್ಸುಕಾಲ, ಅದರ ಹದಿನೇಳನೆಯ ದಿನ ನಡೆಯುತ್ತಿದೆಯೆಂದು ಆ ಜನ ಗುರುಗಳಿಗೇ ಹೇಳಿದರು. ಆ ವರ್ಷ ಬೂದಿ ಬುಧವಾರ ಬಿದ್ದದ್ದು ಮಾರ್ಚ್ 1ಕ್ಕೆ. ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ! ಗೋಡೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿಕೊಂಡಿರುವ ನಮ್ಮಲ್ಲಿ ಎಷ್ಟು ಮನೆಯವರು ತಪಸ್ಸುಕಾಲದ ಎಷ್ಟನೆಯ ದಿನವೆಂದು ಹೇಳಬಲ್ಲರು? 2018ರಲ್ಲಿ ಯುನೆಸ್ಕೊ ಆ ಗುಪ್ತ ಕ್ರೈಸ್ತರ ಊರುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದಿನನಿತ್ಯದ ಬದುಕು ಒಂದು ಕಡೆ, ದೇವರು ಇನ್ನೊಂದು ಕಡೆ ಎಂದು ನಾವು ಗೆರೆ ಎಳೆದಿದ್ದೇವೆ. ಸಣ್ಣ ಸುಖಗಳನ್ನು ಅನುಭವಿಸುವಾಗ ದೇವರನ್ನು ಸ್ವಲ್ಪ ದೂರ ನಿಲ್ಲಿಸಿರಬೇಕೆಂಬ ಭಾವನೆಯೂ ನಮ್ಮಲ್ಲಿದೆ. ಸಂತ ಥಾಮಸ್ ಅಕ್ವಿನಾಸರು ಹಾಗೆ ತಿಳಿದವರಲ್ಲ. ದುಃಖಕ್ಕೆ ಮದ್ದೇನು ಎಂದು ಕೇಳಿಕೊಂಡ ಆ ಮಹಾಪಂಡಿತರು ಕೊಟ್ಟ ಪಟ್ಟಿಯಲ್ಲಿ ಸಂತೋಷ, ಕಣ್ಣೀರು, ಗೆಳೆಯರ ಸಾಂತ್ವನ, ಸತ್ಯದ ಧ್ಯಾನಗಳ ಜೊತೆಗೆ ನಿದ್ದೆ ಮತ್ತು ಸ್ನಾನವೂ ಇವೆ. ತಾಯಿ ಮೋನಿಕಾ ತೀರಿಕೊಂಡ ದಿನ ಸಂತ ಅಗಸ್ಟೀನರು ಸ್ನಾನ ಮಾಡಿ ಮಲಗಿದ್ದನ್ನು ಅವರು ಅಲ್ಲಿ ನೆನೆಯುತ್ತಾರೆ. ನಗುವನ್ನೇ ಒಲ್ಲದೆ, ಇತರರ ನಗುವಿಗೂ ಅಡ್ಡಬರುವವನಲ್ಲಿ ದೋಷವಿದೆಯೆಂದೂ ಅವರು ಬರೆದಿದ್ದಾರೆ. ಮುಖ ಗಂಟಿಕ್ಕಿಕೊಂಡು ದೇವಾಲಯದ ಮೊದಲ ಬೆಂಚಿನಲ್ಲಿ ಕೂರುವ ನಮ್ಮಂಥವರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಆದರೆ ಮಳೆಯ ಸೊಬಗನ್ನು ಸೋರುವ ಮಾಡಿನ ಕೆಳಗೆ ಕೂತವರಿಗೆ ಬೋಧಿಸುವುದು ಅಪಹಾಸ್ಯವಾದೀತು. ದೋಣಿ ದಡದಲ್ಲಿದ್ದರೆ ಕೂಲಿಯಿಲ್ಲ. 2019ರ ಆಗಸ್ಟಿನಲ್ಲೂ 2021ರ ಜುಲೈಯಲ್ಲೂ ಜಿಲ್ಲೆಯ ಹೊಳೆಗಳು ಉಕ್ಕಿ ಮನೆಗಳನ್ನು ಹೊಕ್ಕವು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದಂಗಡಿಯ ಮನೆಯವರೂ ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರೂ ಮಣ್ಣಿನಡಿ ಸಿಲುಕಿದರು. ಮಳೆಯಲ್ಲಿ ಒಂದು ಲೋಟ ಬಿಸಿ ಚಹಾ. ಅದಕ್ಕಿಂತ ಸಣ್ಣ ಸುಖ ಯಾವುದಿದೆ? ಅದೂ ನಾಳೆಗೆ ಖಾತ್ರಿಯಿಲ್ಲ. ಹಸಿದವನಿಗೆ ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸುವವರನ್ನು ಸಂತ ಯಕೋಬರು ಗದರಿಸಿದ್ದಾರೆ. ನೆರೆಮನೆಯ ಒಲೆ ಹೊತ್ತದೆ ಇರುವಾಗ ನಮ್ಮ ಹಂಡೆಯ ಬಿಸಿನೀರನ್ನು ದೇವರ ಕೊಡುಗೆ ಎನ್ನಲು ನಾಲಗೆ ಏಳಬಾರದು. ಕರ್ಕಾಟಕ ಮಾಸ ಕಳೆಯಲಿ, ಆಮೇಲೆ ನೋಡೋಣ ಎನ್ನದೆ ಅಕ್ಕಿಯ ಸೇರು ಈ ತಿಂಗಳೇ ಗೋಡೆ ದಾಟಬೇಕು.

ಇನ್ನೊಂದು ಮಾತು, ಇದು ಮನೆಯ ಹಿರಿಯರಿಗೆ. ನಮ್ಮ ಕುಟುಂಬಗಳಲ್ಲಿ ಬದುಕನ್ನು ಮುಂದಕ್ಕೆ ಹಾಕುವ ರೋಗ ಹೆಚ್ಚಾಗಿದೆ. ವೀಸಾ ಬರಲಿ, ಸಾಲ ತೀರಲಿ, ತಾರಸಿ ಮನೆ ಏಳಲಿ, ಆಮೇಲೆ ನೆಮ್ಮದಿಯಿಂದ ಇರೋಣ ಎನ್ನುತ್ತೇವೆ. ಮಗ ಗಲ್ಫ್‌ನಲ್ಲಿ, ಮಗಳು ಬೆಂಗಳೂರಿನಲ್ಲಿ. ತಾರಸಿ ಮನೆ ಎದ್ದು ನಿಂತಾಗ ಅದರಲ್ಲಿ ಇರುವವರು ಇಬ್ಬರು ಮುದುಕರು, ಮಾತಿಗೆ ಟಿವಿ. ದೂರ ಹೋಗಿ ದುಡಿಯುವ ಮಕ್ಕಳ ಬೆವರನ್ನು ನಾನು ಹಗುರಾಗಿ ಕಾಣುತ್ತಿಲ್ಲ; ಆ ಹಣದಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆದರೆ ಮನೆಯಲ್ಲಿ ಇರುವವರಾದರೂ ಒಟ್ಟಿಗೆ ಕೂತು ಉಣ್ಣುತ್ತಿದ್ದಾರೆಯೇ? ಒಂದೇ ಮಾಡಿನ ಕೆಳಗೆ ನಾಲ್ಕು ತಟ್ಟೆ ನಾಲ್ಕು ಹೊತ್ತಿಗೆ, ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು. ತೇರ್ಸ್ ಮುಗಿದ ಮೇಲೆ ಮಕ್ಕಳು ಅಜ್ಜ ಅಜ್ಜಿಯಿಂದ ಹಿಡಿದು ಎಲ್ಲ ಹಿರಿಯರ ಮುಂದೆ ಕೈಜೋಡಿಸಿ 'ಬೆಸಾಂವ್' ಕೇಳುವ ರೂಢಿ ಎಷ್ಟು ಮನೆಗಳಲ್ಲಿ ಉಳಿದಿದೆ? ಉರಕಾಮಿಯ ಜನರ ದೇವಾಲಯವನ್ನು ರಾಜಾಜ್ಞೆ ಕೆಡವಿತು, ಆದರೆ ಮನೆ ಉಳಿಯಿತು. ನಮ್ಮ ದೇವಾಲಯಗಳಿಗೆ ಹೊಸ ಬಣ್ಣ, ಹೊಸ ಧ್ವನಿವರ್ಧಕ ಬಂದಿವೆ.

ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಶಿಷ್ಯರಿಗಾಗಿ ಏನು ಮಾಡಿದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದವರಿಗೆ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ ಸಿದ್ಧವಿತ್ತು. ಮರಣವನ್ನು ಗೆದ್ದು ಬಂದವರು ಮೊದಲು ತಿಂಡಿಗೆ ಕರೆದರು. ಪೇತ್ರನನ್ನು ಪ್ರೀತಿಯ ಬಗ್ಗೆ ಮೂರು ಸಲ ಕೇಳಿದ್ದು ಊಟವಾದ ಮೇಲೆ. ತಮ್ಮ ಬಳಿ ಮೀನು ಇದ್ದರೂ ಅವರು ಹಿಡಿದ ಮೀನಿನಲ್ಲಿಯೂ ಕೆಲವನ್ನು ತರಹೇಳಿದರು.

ಈ ಮಳೆಯಲ್ಲಿ ಹೊಳೆ ಏರಿ, ರಸ್ತೆ ಮುಚ್ಚಿ, ಭಾನುವಾರದ ಪೂಜೆಗೆ ಬರಲಾಗದ ಮನೆಗಳು ಇದ್ದೇ ಇರುತ್ತವೆ. ಜೀವಕ್ಕೆ ಅಪಾಯ ತಂದುಕೊಂಡು ನೀರು ದಾಟಬೇಡಿ. ಅಂದು ಮನೆಯ ಹಿರಿಯರು ಆ ದಿನದ ಶುಭಸಂದೇಶವನ್ನು ಗಟ್ಟಿಯಾಗಿ ಓದಲಿ, ತೇರ್ಸಿನ ಒಂದೊಂದು ರಹಸ್ಯವನ್ನು ಮಕ್ಕಳು ಹೇಳಲಿ. ಒಬ್ಬರೇ ಇರುವ ನೆರೆಯವರನ್ನು ಕರೆಯಿರಿ, ಅವರು ಯಾವ ಧರ್ಮದವರಾದರೂ ಸರಿ. ಗಂಜಿಗೆ ಹಪ್ಪಳ ಸುಡಿ. ಗಲ್ಫ್‌ನಲ್ಲಿರುವ ಮಗನಿಗೆ ಫೋನು ಹಚ್ಚಿದಾಗ ಹಣ ಯಾವಾಗ ಕಳಿಸುತ್ತೀಯೆಂದು ಕೇಳುವ ಮುಂಚೆ ಇವತ್ತು ಏನು ಉಂಡೆ ಎಂದು ಕೇಳಿ.