ಹುಳ ಬಿದ್ದ ತೆನೆ ಯಾರ ಲೆಕ್ಕಕ್ಕೆ?

ಬ್ಯಾಂಕಿನ ವರ್ಗಾವಣೆ ಮೇಲೆ ಪುಣೆಗೆ ಬಂದವನು ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಕಳೆದ ಮಳೆಗಾಲದಲ್ಲಿ ಮಂಡಈಯಿಂದ ತಂದ ಸ್ವೀಟ್ ಕಾರ್ನ್ ಸುಲಿದರೆ ಒಂದು ತೆನೆಯ ತುದಿಯಲ್ಲಿ ಹುಳ, ಸುತ್ತ ಹಸಿ ಹಿಕ್ಕೆ. "ವಾಪಸ್ ಕೊಟ್ಟು ಬನ್ನಿ" ಅಂದಳು ನಮ್ಮಾಕೆ. ಹೋದೆ. ತರಕಾರಿ ಮಾರುವ ಮಾವಶಿ ಮಾತಾಡದೆ ಬೇರೆ ತೆನೆ ಕೊಟ್ಟು, ಹುಳದ್ದನ್ನು ಹಿಂದಕ್ಕೆ ಎಸೆದಳು.

ರಾತ್ರಿ ಊರಿಗೆ ಫೋನ್ ಮಾಡಿದಾಗ ತಮ್ಮನಿಗೆ ಇದನ್ನು ನಗುತ್ತಾ ಹೇಳಿದೆ. ದಾವಣಗೆರೆ ಕಡೆ ಅವನೂ ಜೋಳ ಬೆಳೆಯುವವನೇ. ಅವನು ನಗಲಿಲ್ಲ. "ಎಸೆದಿದ್ದು ನನ್ನಂಥೋನ ತೆನೀನೇ ಅಲ್ಲೇನಣ್ಣ?" ಅಂದ.

ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಮರಿ ಸುಳಿಯೊಳಗೆ ಸೇರಿ, ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಂಡು ಮೇಯುತ್ತೆ. ಔಷಧ ಅಲ್ಲಿಗೆ ಮುಟ್ಟೋದೇ ಕಷ್ಟ. ಕೋಳಿ ಆಹಾರಕ್ಕೆ ಹೋಗುವ ಮೆಕ್ಕೆಜೋಳವಾದರೆ ಅರ್ಧ ತಿಂದ ತೆನೆಯಲ್ಲೂ ಉಳಿದ ಕಾಳು ತೂಕಕ್ಕೆ ಬರುತ್ತೆ. ಸ್ವೀಟ್ ಕಾರ್ನ್ ಹಾಲುಗಾಳಿರುವಾಗಲೇ ಮುರಿದು ಪೇಟೆಗೆ ಕಳಿಸುವ ಮಾಲು. ಒಂದು ಹುಳ ಕಂಡರೆ ಇಡೀ ತೆನೆ ಹೋಯಿತು. ಕೊಯ್ಲು ಹತ್ತಿರ ಇರುವಾಗ ಔಷಧ ಹೊಡೆದರೆ ವಿಷ ತಿನ್ನುವವರ ಹೊಟ್ಟೆಗೆ. "ಹುಳ ಇದ್ರೆ ತಗಳಲ್ಲ, ಹೊಡೆದ್ರೆ ವಿಷ ಅಂತೀರಿ. ನಾವೇನು ಮಾಡ್ಬೇಕು ಹೇಳು" ಅಂದ ತಮ್ಮ.

ನನ್ನ ಹತ್ತಿರ ಉತ್ತರ ಇರಲಿಲ್ಲ. ದುಡ್ಡು ಕೊಡುವವನು ಒಳ್ಳೆ ಮಾಲು ಕೇಳೋದು ತಪ್ಪಲ್ಲ. ಆದರೆ ಎಂಕಾಂ ಓದಿ, ಮೂವತ್ತು ವರ್ಷ ಲೆಡ್ಜರ್ ನೋಡಿದವನಿಗೆ ಒಂದು ಮಾತು ಗೊತ್ತು: ನಷ್ಟ ಮಾಯವಾಗೋದಿಲ್ಲ, ಯಾರದೋ ಖಾತೆಗೆ ಬಿದ್ದೇ ಬೀಳುತ್ತೆ. ಬೆಳೆ ಸಾಲ ಬಾಕಿ ಉಳಿದ ಎಷ್ಟೋ ಕಡತಗಳಲ್ಲಿ 'ಬೆಳೆ ನಷ್ಟ' ಅಂತ ಎರಡೇ ಪದ ಬರೆದು ಸಹಿ ಹಾಕಿದ್ದೇನೆ. ಆ ನಷ್ಟದಲ್ಲಿ ಹುಳ ತಿಂದದ್ದೆಷ್ಟು, ನನ್ನಂಥ ಗಿರಾಕಿ ಮುಖ ಸಿಂಡರಿಸಿ ತಳ್ಳಿದ್ದೆಷ್ಟು ಅಂತ ಒಮ್ಮೆಯೂ ಕೇಳಲಿಲ್ಲ. ಅವತ್ತಿನ ತೆನೆಯಲ್ಲಿ ಕೆಟ್ಟದ್ದು ಒಂದಂಗುಲ; ನಾನು ತಿರಸ್ಕರಿಸಿದ್ದು ಇಡೀ ತೆನೆ.

ಹೊಲ ಬಿಟ್ಟು ಬಂದವನು ನಾನು; ಅಪ್ಪ ಹುಳ ಬಿದ್ದ ತೆನೆಯ ತುದಿ ಮುರಿದು, ಉಳಿದದ್ದನ್ನು ಸುಟ್ಟು ಕೊಡುತ್ತಿದ್ದದ್ದು ಮರೆತೇ ಹೋಗಿತ್ತು.

ಮುಂದಿನ ವಾರ ಮಾವಶಿ ಪಕ್ಕಕ್ಕಿಟ್ಟಿದ್ದ ಎರಡು ತೆನೆ ಕೇಳಿ ತಂದೆ. ಅರ್ಧ ಬೆಲೆ ಸಾಕು ಅಂದಳು, ಪೂರ್ತಿ ಕೊಟ್ಟೆ. ಇದರಿಂದ ತಮ್ಮನ ಸಾಲ ತೀರೋದಿಲ್ಲ, ಗೊತ್ತು. ಆದರೂ ನನ್ನ ಪಾಲಿನ ನಷ್ಟ ನನ್ನ ಖಾತೆಗೇ ಬೀಳಲಿ ಅನ್ನಿಸಿತು.